ನೆತ್ತಿಯ ಸ್ಕ್ಯಾನ್ ನಾರ್ಮಲ್ ಬಂದಿದೆ, ಆದರೂ ಮಗುವಿನ ಬೆನ್ನಿನ ನೀರು ತೆಗೆಸಲೇಬೇಕೇ?

ಇದೇ ಪ್ರಶ್ನೆಯನ್ನು ನಾವು ಕುಮಟಾದಲ್ಲಿ ಡಾಕ್ಟರಿಗೇ ಕೇಳಿದ್ದೆವು. (ಬೆನ್ನಿನ ನೀರು ಎಂದರೆ ಮೆದುಳು, ಬೆನ್ನುಹುರಿಯ ಸುತ್ತಲಿನ ದ್ರವ. ಸೂಜಿಯಿಂದ ಸ್ವಲ್ಪ ತೆಗೆದು ಸೋಂಕಿದೆಯೇ ಎಂದು ನೋಡುತ್ತಾರೆ.) ಮಗಳಿಗೆ ಎರಡು ತಿಂಗಳೂ ತುಂಬಿರಲಿಲ್ಲ. ಜ್ವರ, ಮೊಲೆ ಕಚ್ಚುತ್ತಿರಲಿಲ್ಲ, ಎತ್ತಿಕೊಂಡರೆ ಇನ್ನಷ್ಟು ಕಿರುಚುತ್ತಿದ್ದಳು. ಕುತ್ತಿಗೆ ಸೆಟೆದಿಲ್ಲವಲ್ಲ, ಮೆದುಳುಜ್ವರ (ಮೆನಿಂಜೈಟಿಸ್, ಮೆದುಳಿನ ಪೊರೆಯ ಸೋಂಕು) ಇರಲಿಕ್ಕಿಲ್ಲ ಎಂದು ಮನೆಯಲ್ಲಿ ತೀರ್ಮಾನ. ಇಷ್ಟು ಸಣ್ಣ ಮಕ್ಕಳಲ್ಲಿ ಕುತ್ತಿಗೆ ಸೆಟೆಯದೆಯೂ ಅದು ಇರುತ್ತದೆ.

ನೆತ್ತಿಗೆ ಜೆಲ್ ಹಚ್ಚಿ ಸ್ಕ್ಯಾನ್ ಮಾಡಿದರು. ಅಲ್ಲಿ ಮೂಳೆ ಇನ್ನೂ ಕೂಡಿರುವುದಿಲ್ಲ, ಹಾಗಾಗಿ ಮೆದುಳು ಕಾಣುತ್ತದೆ. ರೇಡಿಯೇಶನ್ ಇಲ್ಲ, ಹಾಸಿಗೆ ಪಕ್ಕದಲ್ಲೇ ಮುಗಿಯಿತು. ನಾರ್ಮಲ್. ಬೆನ್ನಿನ ನೀರಿಗೆ ಸಹಿ ಕೇಳಿದಾಗ ನಮ್ಮ ಆಯಿ "ಕೂಸಿನ ಸೊಂಟವೇ ಹೋಗ್ತು, ಬ್ಯಾಡ" ಅಂದಳು. ನಾನೂ ರಿಪೋರ್ಟ್ ತೋರಿಸಿ ಬೇಡವೆಂದೆ. (ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಕೆಳಗೆ. ಸೊಂಟಕ್ಕೇನೂ ಆಗುವುದಿಲ್ಲ.)

ಆ "ಬೇಡ" ಏನು ಮಾಡಿತು ಎಂದು ಬಿಡಿಸಿ ಹೇಳುತ್ತೇನೆ. ಡಾಕ್ಟರ್ ಕಾಯದೆ ಆಂಟಿಬಯಾಟಿಕ್ ಶುರು ಮಾಡಿದರು, ಸರಿಯಾಗೇ ಮಾಡಿದರು. ಮಾರನೇ ದಿನ ಫಿಟ್ಸ್ ಬಂತು. ಮಣಿಪಾಲಕ್ಕೆ ಆಂಬುಲೆನ್ಸ್. (ನಮ್ಮ ಜಿಲ್ಲೆಯವರು ದೊಡ್ಡ ಕಾಯಿಲೆಗೆ ಮಣಿಪಾಲ, ಹುಬ್ಬಳ್ಳಿ, ಗೋವಾ ಎಂದು ಓಡಬೇಕು, ಆ ಸಿಟ್ಟು ಬೇರೆ.) ಅಲ್ಲಿ ಬೆನ್ನಿನ ನೀರಿನಲ್ಲಿ ಬಿಳಿ ರಕ್ತಕಣ ತುಂಬಿತ್ತು, ಸಕ್ಕರೆ ಅಂಶ ಇಳಿದಿತ್ತು, ಅಂದರೆ ಮೆದುಳುಜ್ವರವೇ. ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ಯಾವುದೆಂದು ನೋಡುವ ಪರೀಕ್ಷೆ) ಮಾತ್ರ ಏನೂ ಬೆಳೆಯಲಿಲ್ಲ. ಔಷಧಿ ಹೋದ ಕೆಲವೇ ಗಂಟೆಗಳಲ್ಲಿ ನೀರಿನಲ್ಲಿದ್ದ ರೋಗಾಣು ಸಾಯಬಹುದು, ಆಮೇಲೆ ತೆಗೆದರೆ ಅದು ಯಾವುದೆಂದು ಸಿಗುವುದಿಲ್ಲ. ಸಿಕ್ಕಿದ್ದರೆ ಅದಕ್ಕೆ ತಕ್ಕ ಔಷಧಿ, ತಕ್ಕಷ್ಟೇ ದಿನ. ಸಿಗದ ಕಾರಣ ಎಲ್ಲ ರೋಗಾಣುಗಳಿಗೂ ಸೇರಿಸಿ ವಾರಗಟ್ಟಲೆ ಇಂಜೆಕ್ಷನ್. ನರ ಸಿಗದೆ ಕೈ, ಕಾಲು, ಕೊನೆಗೆ ತಲೆಗೂ ಚುಚ್ಚಿದರು. ಒಂದು ಸೂಜಿ ತಪ್ಪಿಸಲು ಹೋಗಿ ಇಷ್ಟು.

ಸ್ಕ್ಯಾನೋ ಸೂಜಿಯೋ ಎಂಬ ನಿಮ್ಮ ಲೆಕ್ಕವೇ ತಪ್ಪು. ಮೆದುಳುಜ್ವರವಿದ್ದರೂ ಮೊದಮೊದಲು ಸ್ಕ್ಯಾನ್ ನಾರ್ಮಲ್ ಇರಬಹುದು. ಹಾಗೆಂದು ಅದು ದಂಡವಲ್ಲ: ಮೆದುಳಲ್ಲಿ ನೀರು ತುಂಬುತ್ತಿದೆಯೇ, ಕೀವುಗಟ್ಟಿದೆಯೇ ಎಂದು ಮಣಿಪಾಲದಲ್ಲಿ ಮತ್ತೆ ಮತ್ತೆ ನೋಡಿದ್ದು ಅದರಲ್ಲೇ. "ಸೂಜಿ ಬೇಡದ ಅಲ್ಟ್ರಾಸೌಂಡ್" ಎಂದು ಸುದ್ದಿಯಲ್ಲಿ ಬರುವುದು ಬೇರೆ ಸಾಧನ. ನೆತ್ತಿಯಡಿಯ ದ್ರವದಲ್ಲಿ ಬಿಳಿ ರಕ್ತಕಣ ಗುರುತಿಸುತ್ತದೆ, ಸ್ಪೇನ್, ಮೊರಾಕ್ಕೊ, ಮೊಜಾಂಬಿಕ್‌ಗಳಲ್ಲಿ ಪರೀಕ್ಷೆಯಾಗಿದೆ. ಅದೂ ರೋಗಾಣು ಯಾವುದೆಂದು ಹೇಳುವುದಿಲ್ಲ.

ಪ್ಲೇಟ್‌ಲೆಟ್ ಕಡಿಮೆ, ಉಸಿರಾಟ ಸ್ಥಿರವಿಲ್ಲ ಎಂದು ಡಾಕ್ಟರೇ ಮುಂದೂಡಿದರೆ ಬೇರೆ ಮಾತು. ಇಲ್ಲದಿದ್ದರೆ ಈಗಲೇ ಸಹಿ ಹಾಕಿ. ಮೆನಿಂಜೈಟಿಸ್ ಎಂದೇ ಆದರೆ, ಮನೆಗೆ ಕಳಿಸುವ ಮೊದಲು ಕಿವಿಯ ಪರೀಕ್ಷೆ ನೀವೇ ಕೇಳಿ ಮಾಡಿಸಿ, ಈ ಕಾಯಿಲೆ ಕಿವಿ ಕೆಡಿಸಬಹುದು. ನಮ್ಮವಳ ಕಿವಿ ಸರಿಯಿದೆ. ಮೆದುಳಲ್ಲಿ ನೀರು ತುಂಬುತ್ತಿದೆಯೇ ಎಂದು ತಿಳಿಯಲು ತಲೆಯ ಸುತ್ತಳತೆ ಮಾತ್ರ ಈಗಲೂ ಅಳೆಸುತ್ತಿದ್ದೇವೆ.