ಪಾರ್ಕಿಂಗ್ ಜಾಗದಲ್ಲಿ ಕಟ್ಟಡ: ಮೊದಲು ಲೆಕ್ಕ ಕೇಳಿ

ಕಾಸರಗೋಡು ಜಿಲ್ಲೆಯ ಒಂದು ಪೇಟೆಯಿಂದ ಓದುಗರೊಬ್ಬರು ಬರೆದಿದ್ದಾರೆ. ಅವರದ್ದು ಟೈಲರಿಂಗ್ ಅಂಗಡಿ. ಎದುರಿಗೆ 50 ಸೆಂಟ್ಸ್ ಬಯಲು ಜಾಗ. ಪೇಟೆಗೆ ಬರುವವರೆಲ್ಲ ಗಾಡಿ ನಿಲ್ಲಿಸುವುದು ಅಲ್ಲೇ. ಈಗ ಅಲ್ಲಿ ನೆಲದಡಿ ಪಾರ್ಕಿಂಗ್, ಮೇಲೆ ಎರಡು ಮಹಡಿ ಅಂಗಡಿ, ಅದರ ಮೇಲೆ ಆಫೀಸುಗಳು ಬರುತ್ತವಂತೆ. "ಕೆಲಸ ಮುಗಿಯುವವರೆಗೆ ನಮ್ಮ ಗಿರಾಕಿಗಳು ಎಲ್ಲಿ ಗಾಡಿ ನಿಲ್ಲಿಸಬೇಕು? ಮಳೆನೀರು ಅಂಗಡಿಗೆ ನುಗ್ಗಿದರೆ ಯಾರನ್ನು ಕೇಳಬೇಕು? ಬೊಂಡ (ಎಳನೀರು), ಹಣ್ಣು ಮಾರುವವರು ಎಲ್ಲಿ ಹೋಗಬೇಕು? ನಗರಸಭೆಯ ನೋಟೀಸು ಮಲಯಾಳದಲ್ಲಿ ಮಾತ್ರ ಇದೆ, ನಮಗೆ ಓದಲು ಬರುವುದಿಲ್ಲ. ಅಲ್ಲಿ ಒಂದು ಕಲ್ಲೂ ಅಲ್ಲಾಡಿಸಬಾರದು ಎಂದು ನೀವು ಬರೆಯಬೇಕು" ಎಂದು ಕೇಳಿದ್ದಾರೆ. ಹೆಸರು, ಊರು ಬೇಡ ಎಂದಿದ್ದರಿಂದ ಹಾಕಿಲ್ಲ.

ನಮಸ್ಕಾರ ಅಕ್ಕಾ,

ಒಂದು ಕಲ್ಲೂ ಅಲ್ಲಾಡಿಸಬಾರದು ಎಂದು ನಾನು ಬರೆಯಲಾರೆ. ನಿಮ್ಮ ಕಾಗದದಲ್ಲೇ ಇದೆಯಲ್ಲ, ಕತ್ತಲಾದ ಮೇಲೆ ಅಲ್ಲಿ ಒಂದು ಬಲ್ಬೂ ಇಲ್ಲ, ಜೂನ್ ಬಂತೆಂದರೆ ಕಾಲಿಡಲಾಗದ ಕೆಸರು, ಹೆಂಗಸರಿಗೆ ಶೌಚಾಲಯವೇ ಇಲ್ಲ ಎಂದು. ಬೆಳಗಿನ ಬಸ್ಸಿಗೆ ಒಳ ಊರಿನಿಂದ ಬಂದ ಹೆಂಗಸು ವಾಪಸ್ ಮನೆ ಮುಟ್ಟುವವರೆಗೆ ತಡೆದುಕೊಂಡೇ ಇರಬೇಕು. ಇಂಥ ಜಾಗ ಹೀಗೇ ಇರಲಿ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಕಟ್ಟಲಿ. ಆದರೆ ಈಗ ಅಲ್ಲಿ ಗಾಡಿ ನಿಲ್ಲಿಸುವವರಿಗೆ ನಾಳೆ ಎಷ್ಟು ಜಾಗ ಉಳಿಯುತ್ತದೆ ಎಂದು ಮೊದಲು ಬರೆದು ಕೊಡಲಿ. ನೀವು ಪಟ್ಟು ಹಿಡಿಯಬೇಕಾದದ್ದು ಇಲ್ಲಿ.

ಲೆಕ್ಕ ಹಾಕಿ ನೋಡೋಣ. 50 ಸೆಂಟ್ಸ್ ಅಂದರೆ ಹತ್ತಿರ ಹತ್ತಿರ 2,020 ಚದರ ಮೀಟರ್. ಒಂದು ಕಾರು ಒಳಗೆ ಬಂದು, ತಿರುಗಿ, ಹೊರಗೆ ಹೋಗುವ ದಾರಿಯನ್ನೂ ಸೇರಿಸಿದರೆ ಬಯಲಿನಲ್ಲಿ ಅದಕ್ಕೆ 23 ಚದರ ಮೀಟರ್ ಬೇಕು, ಬೇಸ್‌ಮೆಂಟಿನಲ್ಲಿ 32. ನಗರ ಯೋಜನೆ ಮಾಡುವವರು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಹಿಡಿಯುವ ಅಳತೆ ಇದು. ಕಂಬ, ಇಳಿಜಾರು, ಮೆಟ್ಟಿಲು, ಲಿಫ್ಟ್ ಎಲ್ಲವೂ ಜಾಗ ತಿನ್ನುತ್ತವೆ. ಹಾಗಾಗಿ ಬಯಲಿನಲ್ಲಿ 87 ಕಾರು ಹಿಡಿಯುವ ಕಡೆ, ಇಡೀ ಜಾಗಕ್ಕೆ ಬೇಸ್‌ಮೆಂಟ್ ಕಟ್ಟಿದರೂ 63ರ ಮೇಲೆ ಹಿಡಿಯುವುದಿಲ್ಲ. ಒಂದೇ ಬೇಸ್‌ಮೆಂಟ್ ಆದರೆ ಪಾರ್ಕಿಂಗ್ ಕಮ್ಮಿಯೇ ಆಗುತ್ತದೆ, ಜಾಸ್ತಿ ಆಗುವುದಿಲ್ಲ.

ಆ 63 ಕೂಡ ನಿಮ್ಮ ಗಿರಾಕಿಗಳಿಗೆ ಸಿಗುವುದಿಲ್ಲ. 2019ರ ಕೇರಳ ಮುನಿಸಿಪಾಲಿಟಿ ಕಟ್ಟಡ ನಿಯಮಗಳ ಪ್ರಕಾರ ಅಂಗಡಿ, ಆಫೀಸು ಕಟ್ಟುವವರು ಕಟ್ಟಡದ ವಿಸ್ತೀರ್ಣಕ್ಕೆ ತಕ್ಕ ಹಾಗೆ ಅದರದ್ದೇ ಪಾರ್ಕಿಂಗ್ ಕೊಡಬೇಕು. ಮೇಲೆ ಮಹಡಿ ಏರಿದ ಹಾಗೆ ಕೆಳಗಿನ ಜಾಗ ಆ ಕಟ್ಟಡದ ಪಾಲಿಗೇ ಹೋಗುತ್ತದೆ. ನೋಟೀಸಿನಲ್ಲಿ ಪಾರ್ಕಿಂಗ್ ಸೌಲಭ್ಯ ಇದೆ ಎಂದು ಬರೆದಿದ್ದಾರಂತೆ. ಯಾರ ಪಾರ್ಕಿಂಗ್ ಅದು? ಎರಡನ್ನೂ ಕೂಡಿಸಿ ಒಂದೇ ಸಂಖ್ಯೆ ತೋರಿಸಿದರೆ ಒಪ್ಪಬೇಡಿ. ಸಾರ್ವಜನಿಕರಿಗೆ ಎಷ್ಟು, ಕಟ್ಟಡಕ್ಕೆ ಎಷ್ಟು, ಸ್ಕೂಟರು ಬೈಕಿಗೆ ಎಷ್ಟು, ಗೂಡ್ಸ್ ಆಟೋಗೆ ಎಷ್ಟು ಎಂದು ಬಿಡಿಸಿ ಕೇಳಿ. ಗಂಟೆಗೆ ಎಷ್ಟು ದುಡ್ಡು, ಅದನ್ನು ಏರಿಸುವ ಅಧಿಕಾರ ಯಾರದ್ದು, ಇದನ್ನೂ ಕೇಳಿ. ಬ್ಲೌಸಿನ ಅಳತೆ ಕೊಡಲು ಹತ್ತು ನಿಮಿಷಕ್ಕೆ ಬರುವವಳು ಅದಕ್ಕೋಸ್ಕರ ಚೀಟಿ ಹರಿಸಿ ಬೇಸ್‌ಮೆಂಟಿಗೆ ಇಳಿಯುತ್ತಾಳಾ? ರಸ್ತೆ ಬದಿಯಲ್ಲೇ ನಿಲ್ಲಿಸುತ್ತಾಳೆ. ಪೊಲೀಸರು ಬಿಡದಿದ್ದರೆ ಬೇರೆ ಟೈಲರನ್ನು ನೋಡಿಕೊಳ್ಳುತ್ತಾಳೆ.

ಇನ್ನು ಕೆಲಸ ನಡೆಯುವ ಸಮಯದ ಮಾತು. ನಿಮ್ಮ ಹೆದರಿಕೆ ಸುಮ್ನೆ ಅಲ್ಲ. ಮಂಗಳೂರಿಗೆ ಹೋಗಿ ಬರುವವರಿಗೆ ಹಂಪನಕಟ್ಟೆಯ ಕಥೆ ಗೊತ್ತು. ಹಳೇ ಬಸ್ ಸ್ಟ್ಯಾಂಡ್ ಜಾಗದಲ್ಲಿ ಬಹುಮಹಡಿ ಪಾರ್ಕಿಂಗ್ ಎಂದು ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಅಗೆದರು. ಖಾಸಗಿಯವರ ಪಾಲುದಾರಿಕೆಯ ಕೆಲಸ. ಅಗೆದ ಗುಂಡಿ ವರ್ಷಗಟ್ಟಲೆ ಗುಂಡಿಯಾಗಿಯೇ ಉಳಿಯಿತು. ಇದ್ದ ಪಾರ್ಕಿಂಗ್ ಹೋಯಿತು, ಹೊಸದು ಹೇಳಿದ ಸಮಯಕ್ಕೆ ಬರಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಹಾಗಾದರೆ ನಮ್ಮ ಸಣ್ಣ ಪೇಟೆಯ ಅಂಗಡಿಗಳು ಎಷ್ಟು ದಿನ ತಡೆದುಕೊಂಡಾವು? ಹೆದ್ದಾರಿ 66 ಅಗಲ ಮಾಡುವಾಗ ತಲಪಾಡಿಯಿಂದ ಈಚೆ ನಾವೆಲ್ಲ ಧೂಳು, ಕೆಸರು ಎರಡನ್ನೂ ಕಂಡವರೇ ಅಲ್ವಾ. ಹಾಗಾಗಿ ಬದಲಿ ಪಾರ್ಕಿಂಗ್ ಜಾಗ ಗುರುತಿಸಿ, ಅಲ್ಲಿ ಗಾಡಿ ನಿಲ್ಲಲು ಶುರುವಾದ ಮೇಲೆಯೇ ಇಲ್ಲಿ ಬೇಲಿ ಹಾಕಬೇಕು ಎಂದು ಕೇಳಿ. ಅರ್ಧ ಜಾಗ ಮೊದಲು, ಉಳಿದರ್ಧ ಆಮೇಲೆ ಎಂದು ಎರಡು ಹಂತದಲ್ಲಿ ಕಟ್ಟಲು ಆಗುತ್ತದಾ ಎಂದೂ ಕೇಳಿ. ಖರ್ಚು ಸ್ವಲ್ಪ ಜಾಸ್ತಿ ಆದೀತು. ಆದರೆ ಪೇಟೆ ಉಸಿರಾಡುತ್ತಿರುತ್ತದೆ.

ಮಳೆಯ ವಿಷಯದಲ್ಲಿ ನೀವು ಕಾಗದದಲ್ಲಿ ಒಂದೇ ಸಾಲು ಬರೆದಿದ್ದೀರಿ. ನನಗೆ ಅದೇ ಹೆಚ್ಚು ಕಾಡಿತು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಮಳೆಗಾಲದ ಆಟಿ ತಿಂಗಳ ಒಂದು ಜೋರು ದಿನ 100 ಮಿಲಿಮೀಟರ್ ಹೊಯ್ದರೆ ಆ 50 ಸೆಂಟ್ಸಿನ ಮೇಲೆ ಬೀಳುವ ನೀರು ಎರಡು ಲಕ್ಷ ಲೀಟರ್. 12,000 ಲೀಟರಿನ ಟ್ಯಾಂಕರ್ ಹದಿನಾರು ಹದಿನೇಳು ತುಂಬುತ್ತದೆ. ಈಗ ಅದರಲ್ಲಿ ಒಂದು ಪಾಲನ್ನು ಮಣ್ಣು ಕುಡಿಯುತ್ತದೆ. ಕಾಂಕ್ರೀಟ್ ಆದ ಮೇಲೆ ಹೆಚ್ಚುಕಮ್ಮಿ ಅಷ್ಟೂ ನೀರು ಚರಂಡಿಗೆ ಬರುತ್ತದೆ. ಚರಂಡಿ ನಿಮ್ಮ ಅಂಗಡಿಯ ಮುಂದೆ ಒಂದೂವರೆ ಅಡಿ ಅಗಲ, ಅದರಲ್ಲೂ ಅರ್ಧ ಹೂಳು ಎಂದಿದ್ದೀರಿ. ನಮ್ಮದು ಮುರಕಲ್ಲಿನ ನೆಲ. ಆಳಕ್ಕೆ ಅಗೆದರೆ ಬದಿಯಿಂದಲೂ ಒರತೆ ಬರುತ್ತದೆ. ಬೇಸ್‌ಮೆಂಟಿನ ನೀರನ್ನು ಪಂಪ್ ಮಾಡಿ ಎಲ್ಲಿಗೆ ಬಿಡುತ್ತಾರೆ? ಕರೆಂಟು ಹೋದಾಗ ಪಂಪ್ ಯಾವುದರಲ್ಲಿ ನಡೆಯುತ್ತದೆ? ಮಳೆನೀರು ಹಿಡಿದಿಡುವ ವ್ಯವಸ್ಥೆಯನ್ನು ಕಟ್ಟಡ ನಿಯಮಗಳೂ ಹೇಳುತ್ತವೆ. ಪ್ಲಾನಿನಲ್ಲಿ ಅದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲಿ. ಚರಂಡಿಯ ಕೆಲಸ ಮೊದಲು ಮುಗಿಯಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಗೆಯುವ ಕೆಲಸ ಬೇಡವೇ ಬೇಡ.

ಬೊಂಡ, ಬಚ್ಚಂಗಾಯಿ, ಮಲ್ಲಿಗೆ ಮಾರುವವರ ಬಗ್ಗೆಯೂ ನೀವು ಕೇಳಿದ್ದೀರಿ. ಸ್ವಂತ ಅಂಗಡಿಯ ಚಿಂತೆ ನಡುವೆ ಅವರನ್ನು ಮರೆಯಲಿಲ್ಲ ನೋಡಿ, ಅದು ದೊಡ್ಡದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರ ಪರವಾಗಿದೆ. 30 ದಿನದ ನೋಟೀಸು ಕೊಡದೆ ಅವರನ್ನು ಎಬ್ಬಿಸುವ ಹಾಗಿಲ್ಲ. ಇಂಥ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕಮ್ಮಿಯೆಂದರೂ 40 ಶೇಕಡಾ ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು. ವ್ಯಾಪಾರಿಯ ಗುರುತು ಚೀಟಿ ಇದ್ದವರು ಅದನ್ನು ಜೋಪಾನವಾಗಿ ಇಟ್ಟುಕೊಳ್ಳಲಿ, ಇಲ್ಲದವರು ಈಗಲೇ ನಗರಸಭೆಗೆ ಅರ್ಜಿ ಹಾಕಲಿ.

ಭಾಷೆಯ ವಿಷಯದಲ್ಲಿ ನೀವು ಸಂಕೋಚ ಪಡಬೇಕಾಗಿಲ್ಲ. ಯಾವ ಅಧಿಕಾರಿಗೇ ಆಗಲಿ, ದೂರನ್ನು ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಕೊಡಬಹುದು ಎಂದು ಸಂವಿಧಾನದ 350ನೇ ವಿಧಿ ಹೇಳುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೂ ಕನ್ನಡಿಗರಿಗೆ, ತಮಿಳರಿಗೆ ಬೇರೆಯೇ ಅವಕಾಶ ಇದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಎಂದು ಘೋಷಿಸಿದ ಕಡೆ ಸರ್ಕಾರದ ಸ್ಥಳೀಯ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನಿಮ್ಮ ಆಕ್ಷೇಪಣೆಯನ್ನು ಕನ್ನಡದಲ್ಲೇ ಬರೆಯಿರಿ. ನೋಟೀಸಿನ ಕನ್ನಡ ಪ್ರತಿ ಬೇಕು, ಅದು ಸಿಗುವವರೆಗೆ ಆಕ್ಷೇಪಣೆಯ ಗಡುವು ಮುಂದೆ ಹಾಕಬೇಕು ಎಂಬುದೇ ಮೊದಲ ಸಾಲು ಆಗಲಿ.

ಇದೆಲ್ಲದರ ಕಾಗದ ಪಡೆಯಲು ಹಾಕುವ ಮಾಹಿತಿ ಹಕ್ಕಿನ ಅರ್ಜಿಗೆ ಮಾತ್ರ ಮಲಯಾಳ ಪ್ರತಿಯನ್ನೂ ಜೋಡಿಸಿ. ಪಕ್ಕದಂಗಡಿಯವರು ಬರೆದುಕೊಡುತ್ತಾರೆ ಎಂದಿದ್ದೀರಲ್ಲ, ಬರೆಸಿಕೊಳ್ಳಿ. ಗುತ್ತಿಗೆದಾರರು ದಿನ ಎಣಿಸುತ್ತಿರುವಾಗ ನಾವು ಭಾಷೆಯ ಜಗಳದಲ್ಲಿ ತಿಂಗಳು ಕಳೆಯಬಾರದು. 10 ರೂಪಾಯಿ ಶುಲ್ಕ, 30 ದಿನದ ಒಳಗೆ ಉತ್ತರ. ಪ್ಲಾನ್, ಪಾರ್ಕಿಂಗ್ ಲೆಕ್ಕ, ಚರಂಡಿಯ ನಕ್ಷೆ, ಖಾಸಗಿಯವರ ಜೊತೆ ಒಪ್ಪಂದ ಆಗಿದ್ದರೆ ಅದರ ಪ್ರತಿ ಕೇಳಿ. ಫೈಲನ್ನು ಕೂತು ನೋಡುವ ಹಕ್ಕೂ ನಿಮಗಿದೆ. ಹೋಗುವಾಗ ಒಬ್ಬರೇ ಹೋಗಬೇಡಿ. ಅಂಗಡಿಯವರು, ಆಟೋದವರು, ಬೊಂಡದವರು ಎಲ್ಲ ಸೇರಿ ಹೋಗಿ. ವಾರ್ಡ್ ಸಭೆಯಲ್ಲೂ ಇದೇ ಪ್ರಶ್ನೆಗಳನ್ನು ಎತ್ತಿ, ಮಿನಿಟ್ಸ್ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.

ಉತ್ತರ ಬಂದರೆ ಒಂದು ಪ್ರತಿ ನಮಗೆ ಕಳಿಸಿ, ಹಾಗೇ ಅಚ್ಚು ಹಾಕುತ್ತೇವೆ. ನಗರಸಭೆಯವರು ಉತ್ತರ ಬರೆದರೆ ಅವರಿಗೂ ಇದೇ ಪುಟದಲ್ಲಿ ಜಾಗ ಇದೆ. 30 ದಿನ ಕಳೆದೂ ಏನೂ ಬರದಿದ್ದರೆ ಕಾಗದಪತ್ರ ತೆಗೆದುಕೊಂಡು ನಮ್ಮ ಕಚೇರಿಗೆ ಬನ್ನಿ. ಮೇಲ್ಮನವಿಯನ್ನು ಒಟ್ಟಿಗೆ ಕೂತು ಬರೆಯೋಣ.

ಸಂಪಾದಕ