ಪಪ್ಪನ ಪದಕಗಳಿಂದ ಏನು ಬರೆಯಬಹುದು?

ಪ್ರಶ್ನೆ: ನಮ್ಮ ಪಪ್ಪ ಬೆಂಗಳೂರಿನ ಎಂ.ಇ.ಜಿ.ಯಲ್ಲಿ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) 1960ರಿಂದ 1978ರವರೆಗೆ ಇದ್ದು ಹವಾಲ್ದಾರರಾಗಿ ನಿವೃತ್ತರಾದವರು. ಕಳೆದ ವರ್ಷ 87ನೇ ವಯಸ್ಸಿನಲ್ಲಿ ತೀರಿಕೊಂಡರು. ಇಗರ್ಜಿಯಲ್ಲಿ (ಚರ್ಚಿನಲ್ಲಿ) ವರ್ಷದ ಪೂಜೆ ಇರುವ ದಿನ ಹಂಚಲು ಅವರ ಬದುಕಿನ ಕುರಿತು ಸಣ್ಣ ಪುಸ್ತಿಕೆ ತರಬೇಕೆಂದಿದ್ದೇವೆ. ಯುದ್ಧದ ಮಾತನ್ನು ಅವರು ಮನೆಯಲ್ಲಿ ಆಡಿದವರಲ್ಲ. ಟ್ರಂಕಿನಲ್ಲಿ ಸಿಕ್ಕ ಐದು ಪದಕಗಳ ಚಿತ್ರ ಕಳುಹಿಸಿದ್ದೇನೆ. ‘ಎರಡು ಯುದ್ಧಗಳ ಯೋಧ’ ಎಂದು ಬರೆಯಬಹುದೇ? ಸಮಾಧಿಗೆ ರಾಷ್ಟ್ರಧ್ವಜ ಹೊದಿಸಬಹುದೇ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಧ್ವಜದ ಮಾತು ಮೊದಲೇ ಮುಗಿಸಿಬಿಡೋಣ: ಹೊದಿಸುವಂತಿಲ್ಲ. ಸರ್ಕಾರಿ ಅಥವಾ ಸೇನಾ ಗೌರವದ ಅಂತ್ಯಕ್ರಿಯೆಯ ಹೊರತು ಧ್ವಜವನ್ನು ಹೊದಿಕೆಯಾಗಿ ಬಳಸಲು 2002ರ ಧ್ವಜ ಸಂಹಿತೆ ಒಪ್ಪುವುದಿಲ್ಲ. ಹೂವು, ಮೇಣದಬತ್ತಿ ಸಾಕು.

ಪದಕಗಳ ವಿಚಾರದಲ್ಲಿ ತುಸು ನಿಧಾನಿಸಬೇಕು. ನಿಮ್ಮ ಚಿತ್ರದಲ್ಲಿರುವ ರಕ್ಷಾ ಪದಕವು 1965ರಲ್ಲಿ ಸೇವೆಯಲ್ಲಿದ್ದವರಿಗೆ ವ್ಯಾಪಕವಾಗಿ ಸಂದದ್ದು. ಆ ಯುದ್ಧದ ಕಾರ್ಯಾಚರಣೆಯಲ್ಲಿ ಇದ್ದವರಿಗೆ ಸಿಕ್ಕ ಸಮರ ಸೇವಾ ಸ್ಟಾರ್ ಅದರ ಪಕ್ಕದಲ್ಲಿ ಇಲ್ಲದಿರುವುದರಿಂದ ಆ ವರ್ಷ ಅವರು ರಣರಂಗದಿಂದ ದೂರವಿದ್ದಿರಬೇಕು. ಆದ್ದರಿಂದ ‘ಎರಡು ಯುದ್ಧ’ ಬೇಡ. ಇದರಿಂದ ಅವರು ಚಿಕ್ಕವರಾಗುವುದಿಲ್ಲ. ಮನೆಯಲ್ಲಿ ತಾವಾಗಿ ಹೇಳಿಕೊಳ್ಳದ ಪರಾಕ್ರಮವನ್ನು ಸತ್ತ ಮೇಲೆ ಅವರ ಹೆಗಲಿಗೇರಿಸುವುದು ನನಗೆ ಸರಿಕಾಣುವುದಿಲ್ಲ. ಸಂಗ್ರಾಮ ಪದಕ, ಸ್ವಾತಂತ್ರ್ಯದ 25ನೇ ವರ್ಷದ ಪದಕ, ಒಂಬತ್ತು ವರ್ಷಗಳ ದೀರ್ಘ ಸೇವಾ ಪದಕ ಇವು ಆ ಕಾಲದ ಅನೇಕ ಸೈನಿಕರ ಎದೆಯ ಮೇಲಿದ್ದವು. ನಿಜವಾಗಿ ಮಾತನಾಡುವುದು ಐದನೆಯದಾದ ಪೂರ್ವಿ ಸ್ಟಾರ್: 1971ರಲ್ಲಿ ಅವರು ಪೂರ್ವ ರಂಗದಲ್ಲಿದ್ದರು. ಡಿಸೆಂಬರ್ 3ರಿಂದ 16ರವರೆಗಿನ ಆ ಯುದ್ಧದಲ್ಲಿ, ಹೆಜ್ಜೆಗೊಂದು ನದಿಯಿರುವ ನಾಡಿನಲ್ಲಿ, ಸೇತುವೆ ಕಟ್ಟುವ ಮತ್ತು ನೆಲಬಾಂಬು ತೆಗೆಯುವ ಸ್ಯಾಪರುಗಳಿಲ್ಲದೆ ಪಡೆ ಮುಂದೆ ಸಾಗುವಂತಿರಲಿಲ್ಲ. ಪದಕದ ಅಂಚನ್ನೂ ಹಿಂಬದಿಯನ್ನೂ ಭೂತಗನ್ನಡಿ ಹಿಡಿದು ನೋಡಿ. ಸೇನೆ ಕೊಟ್ಟದ್ದಾದರೆ ಸಾಮಾನ್ಯವಾಗಿ ಅಲ್ಲಿ ಅವರ ಸಂಖ್ಯೆ, ಹೆಸರು ಕೆತ್ತಿರುತ್ತವೆ. ಯಾವ ಕಂಪನಿಯಲ್ಲಿ, ಎಲ್ಲಿ ಇದ್ದರೆಂಬುದನ್ನು ಡಿಸ್ಚಾರ್ಜ್ ಬುಕ್ಕಿನಲ್ಲಿರುವ (ನಿವೃತ್ತಿಯ ವೇಳೆ ಸೇನೆ ಕೊಟ್ಟ ಪುಸ್ತಕ) ಅವರ ಸೇನಾ ಸಂಖ್ಯೆ ಕೊಟ್ಟು ಬೆಂಗಳೂರಿನಲ್ಲಿರುವ ಎಂ.ಇ.ಜಿ. ದಾಖಲೆ ಕಚೇರಿಗೆ ಪತ್ರ ಬರೆದು ಕೇಳಿ.

ಹಳೆಯ ಇನ್‌ಲ್ಯಾಂಡ್ ಪತ್ರಗಳು ಉಳಿದಿವೆಯೇ? ಸೈನಿಕನ ವಿಳಾಸದಲ್ಲಿ ಊರಿನ ಹೆಸರು ಇರುವುದಿಲ್ಲ. ಆದರೂ 99 ಎ.ಪಿ.ಒ. (ಸೇನಾ ಅಂಚೆ ಕಚೇರಿ) ಎಂದಿದ್ದರೆ ಅದು ಕಲ್ಕತ್ತೆಯ ಮೂಲಕ ಪೂರ್ವದ ಕಡೆಗೆ ಹೋಗುತ್ತಿದ್ದ ಅಂಚೆ, 56 ಎಂದಿದ್ದರೆ ದೆಹಲಿಯ ಮೂಲಕ ಹೋಗುತ್ತಿದ್ದದ್ದು.

ಇನ್ನೊಂದು ದಾಖಲೆ ನಿಮ್ಮ ಇಗರ್ಜಿಯಲ್ಲೇ ಇದೆ, ಅದನ್ನು ಯಾರೂ ನೆನೆಯುವುದಿಲ್ಲ. ಫಾದರ್ ಅವರ ಅನುಮತಿ ಪಡೆದು ಜ್ಞಾನಸ್ನಾನದ ರಿಜಿಸ್ಟರಿನಿಂದ ನೀವು ಮಕ್ಕಳೆಲ್ಲರ ಜನ್ಮದಿನವನ್ನೂ ಜ್ಞಾನಸ್ನಾನದ ದಿನವನ್ನೂ ಒಂದು ಹಾಳೆಗೆ ಬರೆದುಕೊಂಡು, ಪಕ್ಕದಲ್ಲಿ ಡಿಸ್ಚಾರ್ಜ್ ಬುಕ್ಕಿನ ಮತ್ತು ಪತ್ರಗಳ ತಾರೀಕುಗಳನ್ನು ಇಟ್ಟು ನೋಡಿ. ಜನನಕ್ಕೂ ಜ್ಞಾನಸ್ನಾನಕ್ಕೂ ನಡುವೆ ಎಲ್ಲಿ ತಿಂಗಳುಗಳ ಅಂತರವಿದೆಯೋ ಅಲ್ಲಿ ಪಪ್ಪನ ರಜೆಗಾಗಿ ಕಾದಿರಬಹುದು. ಎಲ್ಲಿ ಇಲ್ಲವೋ ಅಲ್ಲಿ ಅವರಿಲ್ಲದೆಯೇ ಶಾಸ್ತ್ರ ಮುಗಿದಿರಬಹುದು. ತಂದೆ ಎದುರಿಗಿದ್ದರೋ ಇಲ್ಲವೋ ಎಂದು ರಿಜಿಸ್ಟರು ಹೇಳುವುದಿಲ್ಲ. ಆ ಹಾಳೆ ಹಿಡಿದು, ಸಂಜೆಯ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಮುಗಿದ ಮೇಲೆ, ನಿಮ್ಮ ಅಮ್ಮನ ಬಳಿ ಕುಳಿತು ಒಂದೊಂದಾಗಿ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ, ಕೊಂಕಣಿಯಲ್ಲಾದರೂ ಸರಿ, ಬರೆದುಕೊಳ್ಳಿ. ಪುಸ್ತಿಕೆಯ ಮೊದಲ ಪುಟಕ್ಕೆ ಅದನ್ನೇ ಹಾಕಿ, ಪದಕಗಳ ಚಿತ್ರ ಹಿಂದಿನ ರಕ್ಷಾಪುಟದಲ್ಲಿರಲಿ.