ಡೈವಿಂಗ್ ಕಲಿಯುವುದು ಇಲ್ಲೋ, ಮಾಲ್ಡೀವ್ಸ್‌ನಲ್ಲೋ?

ಪ್ರಶ್ನೆ: ಜನವರಿಯಲ್ಲಿ ನಾವು ನಾಲ್ವರು ಐದು ರಾತ್ರಿಗೆಂದು ಮಾಲ್ಡೀವ್ಸ್‌ಗೆ ಹೊರಟಿದ್ದೇವೆ. ಯಜಮಾನರಿಗೆ (47) ಸ್ಕೂಬಾ ಹುಚ್ಚು ಹತ್ತಿದೆ. ಒಂದು ಭಾನುವಾರ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿಬಂದರೆ ಕಲಿತಂತೆಯೇ ಅನ್ನುತ್ತಾರೆ. ಭದ್ರಾ ನಾಲೆಯಲ್ಲಿ ಈಜು ಕಲಿತವರು; ಈಗ ಬಿ.ಪಿ. ಮಾತ್ರೆ ನಡೀತಿದೆ. ಮಗಳಿಗೆ 13, ಚೆನ್ನಾಗಿ ಈಜುತ್ತಾಳೆ. ಮಗನಿಗೆ 9. ನನಗೆ ಈಜೇ ಬಾರದು. ಏನು ಮಾಡೋಣ?
– ಓದುಗರು, ದಾವಣಗೆರೆ

ಉತ್ತರ: ಮೇಡಂ, ನಿಮ್ಮ ಯಜಮಾನರಂಥವರು ಮುರುಡೇಶ್ವರದಲ್ಲಿ ನಮಗೆ ಪ್ರತಿ ಸೀಸನ್ನಿನಲ್ಲೂ ಸಿಗುತ್ತಾರೆ. ನೇತ್ರಾಣಿಯಲ್ಲಿ ಭಾನುವಾರ ಮಾಡಿಸುವುದು ಟ್ರಯಲ್ ಡೈವ್. ಸಿಲಿಂಡರ್ ನಿಮ್ಮ ಬೆನ್ನಿಗಿದ್ದರೂ ಅದರ ಹಿಡಿತ ನಮ್ಮ ಕೈಯಲ್ಲಿ. ಇಳಿಸುವವರೂ ನಾವೇ, ಏರಿಸುವವರೂ ನಾವೇ. ಫೋಟೋ ಸಿಗುತ್ತದೆ, ಡೈವಿಂಗ್ ಕಲಿತಿದ್ದೀರಿ ಅನ್ನುವ ಕಾರ್ಡ್ ಸಿಗುವುದಿಲ್ಲ. ಮಾಲ್ಡೀವ್ಸ್‌ನಲ್ಲಿ ಕೇಳುವುದು ಕಾರ್ಡನ್ನು. ಅದಕ್ಕೆ ಓಪನ್ ವಾಟರ್ ಕೋರ್ಸ್ ಆಗಬೇಕು: ಪಾಠ, ಈಜುಕೊಳದ ಅಭ್ಯಾಸ, ಆಮೇಲೆ ಸಮುದ್ರದಲ್ಲಿ ನಾಲ್ಕು ಡೈವ್. ಮುಗಿಸಿದವರು 18 ಮೀಟರ್‌ವರೆಗೆ ಇಳಿಯಬಹುದು.

ಪಾಠ ಮತ್ತು ಕೊಳದ ಭಾಗ ಇಲ್ಲಿ ಮುಗಿಸಿ, ಅದರ ಪತ್ರ ತೋರಿಸಿ ಸಮುದ್ರದ ಡೈವ್‌ಗಳನ್ನಷ್ಟೇ ಅಲ್ಲಿ ಮಾಡುವ ದಾರಿಯೂ ಇದೆ. ಆದರೆ ನಾನು ಎಲ್ಲವನ್ನೂ ಇಲ್ಲೇ ಮುಗಿಸಿ ಅನ್ನುವವನು. ಅಷ್ಟು ದುಡ್ಡು ಕೊಟ್ಟು ಹೋದ ರಜೆಯ ಬೆಳಗುಗಳು ಪರೀಕ್ಷೆಯಲ್ಲಿ ಕಳೆದರೆ ಉಳಿದವರ ಮುಖ ನೋಡಲಾಗದು. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಹಾಗಾಗಿ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೊಳ, ನವೆಂಬರಿನಲ್ಲಿ ನಮ್ಮ ಕಡಲು. ಇಲ್ಲಿನ ನೀರು ಕೆಲವು ದಿನ ಮಬ್ಬಾಗಿರುತ್ತದೆ. ಇರಲಿ, ಮಬ್ಬಿನಲ್ಲಿ ಕಲಿತವರು ತಿಳಿನೀರಿನಲ್ಲಿ ಗಾಬರಿಯಾಗುವುದು ಕಡಿಮೆ. ದೋಣಿಯಲ್ಲಿ ವಾಂತಿ ಮಾಡಿಕೊಳ್ಳುವವರೇ ಹೆಚ್ಚು. ಹಿಂದಿನ ರಾತ್ರಿ ಭರ್ಜರಿ ಮೀನೂಟ ಬೇಡ.

ಯಜಮಾನರು ಮೊದಲು ಹೋಗಬೇಕಾದದ್ದು ಡಾಕ್ಟರ ಹತ್ತಿರ. ವಯಸ್ಸು 45 ದಾಟಿ ಬಿ.ಪಿ.ಯೂ ಇದ್ದರೆ ವೈದ್ಯಕೀಯ ಫಾರ್ಮಿಗೆ ಡಾಕ್ಟರ ಸಹಿ ಬೇಕು. ಎಲ್ಲದಕ್ಕೂ ‘ಇಲ್ಲ’ ಎಂದು ಟಿಕ್ ಹಾಕಿ ಬರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈಜಿನ ವಿಷಯ: 200 ಮೀಟರ್ ನಿಲ್ಲದೆ ಈಜಬೇಕು, ವೇಗದ ಲೆಕ್ಕವಿಲ್ಲ, 10 ನಿಮಿಷ ತೇಲಬೇಕು. ನಾಲೆಯಲ್ಲಿ ನೀರೇ ತಳ್ಳಿಕೊಂಡು ಹೋಗುತ್ತದೆ, ಕೊಳದಲ್ಲಿ ತಳ್ಳುವವರಿಲ್ಲ. ಈಗಿನಿಂದಲೇ ಶುರು ಮಾಡಲಿ.

ಹೊಸಬರು ಹೆದರುವುದು ಶಾರ್ಕ್‌ಗೆ, ಕಾಡುವುದು ಕಿವಿ ಮತ್ತು ಮಾಸ್ಕ್. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಿ ಕಿವಿ ಬಿಡಿಸಿಕೊಳ್ಳಬೇಕು, ಅದೂ ನೋವು ಬರುವ ಮೊದಲೇ, ಇಳಿಯುತ್ತಿದ್ದಂತೆ ಮತ್ತೆ ಮತ್ತೆ. ಬಿಡದಿದ್ದರೆ ಸ್ವಲ್ಪ ಮೇಲೆ ಬನ್ನಿ, ಜೋರಾಗಿ ಊದಬೇಡಿ. ಶೀತವಾಗಿದ್ದರೆ ಆ ದಿನ ಡೈವ್ ಇಲ್ಲ. ಮಾಸ್ಕಿಗೆ ನೀರು ನುಗ್ಗಿದರೆ ಮೇಲಿನ ಅಂಚು ಒತ್ತಿ, ತಲೆ ಎತ್ತಿ, ಮೂಗಿನಿಂದ ಊದಿದರೆ ಹೊರಹೋಗುತ್ತದೆ. ಆದರೆ ಮೂಗಿಗೆ ನೀರು ತಾಗಿದ ಕೂಡಲೇ ಉಸಿರು ಕಟ್ಟುವವರೇ ಜಾಸ್ತಿ. ಸಿಲಿಂಡರಿನ ಗಾಳಿ ಎಳೆಯುವಾಗ ಉಸಿರು ಬಿಗಿಹಿಡಿಯಲೇಬಾರದು. ಮೇಲೇರುವಾಗ ಶ್ವಾಸಕೋಶದ ಗಾಳಿ ಹಿಗ್ಗಿ ಪ್ರಾಣಕ್ಕೇ ಕುತ್ತು. ಅದಕ್ಕೆ ಮಗಳಿಗೂ ಅಪ್ಪನಿಗೂ ಒಂದು ಮನೆಪಾಠ: ಮಾಸ್ಕಿಲ್ಲದೆ ಬಕೆಟ್ ನೀರಿಗೆ ಮುಖ ಅದ್ದಿ, ಸ್ನಾರ್ಕೆಲ್ ಕೊಳವೆಯಲ್ಲಿ ಬಾಯಿಂದ ಉಸಿರಾಡಲಿ, ಒಬ್ಬರು ಪಕ್ಕದಲ್ಲಿರಲಿ.

ಮಗಳಿಗೆ ಸಿಗುವುದು ಜೂನಿಯರ್ ಕಾರ್ಡ್. ಕಾರ್ಡ್ ಇರುವ ದೊಡ್ಡವರ ಜೊತೆಗಷ್ಟೇ ಇಳಿಯಬಹುದು. ಅಪ್ಪ ಪಾಸಾಗದಿದ್ದರೆ ಇನ್‌ಸ್ಟ್ರಕ್ಟರ್ ಜೊತೆ ಹೋಗುತ್ತಾಳೆ. ಇದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ, ಅಭ್ಯಾಸಕ್ಕೆ ಹುರುಪು ಬರುತ್ತದೆ. ದಿನವೂ ಡೈವ್ ಮಾಡಿದವರು ಕಡೆಯ ಡೈವ್‌ನಿಂದ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ದ್ವೀಪದಿಂದ ರಾಜಧಾನಿ ಮಾಲೆಗೆ ಕರೆತರುವ ಸೀಪ್ಲೇನ್ ಕೂಡ. ಅಂದರೆ ಕೊನೆಯ ದಿನ ದಡದಲ್ಲೇ. ಪ್ರಯಾಣ ವಿಮೆಯಲ್ಲಿ ಡೈವಿಂಗ್ ಸೇರಿದೆಯೇ, ಎಷ್ಟು ಆಳಕ್ಕೆ ಎಂದೂ ನೋಡಿಕೊಳ್ಳಿ.

ಮಗನಿಗೆ 10 ತುಂಬುವವರೆಗೆ ಸಮುದ್ರದ ಡೈವ್ ಇಲ್ಲ. 8 ದಾಟಿರುವುದರಿಂದ ಕೊಳದಲ್ಲಿ 2 ಮೀಟರ್ ಆಳದವರೆಗೆ ಸಿಲಿಂಡರ್ ಹಾಕಿಸಿ ಆಡಿಸುತ್ತಾರೆ. ಅಲ್ಲಿಗೆ ಹೋದ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಸ್ನಾರ್ಕೆಲ್ ಮಾಡಲಿ. ಇನ್ನು ನೀವು. ಟ್ರಯಲ್ ಡೈವ್‌ಗೆ ಈಜಿನ ಪರೀಕ್ಷೆ ಇಲ್ಲ, ಇನ್‌ಸ್ಟ್ರಕ್ಟರ್ ಕೈ ಬಿಡುವುದಿಲ್ಲ. ಒಂದು ಬೆಳಿಗ್ಗೆ ನೀವೂ ಇಳಿಯಿರಿ. ಆ ಹೊತ್ತು ಮಗನನ್ನು ನೋಡಿಕೊಳ್ಳುವ ಪಾಳಿ ಯಜಮಾನರದು.